ಸೀಲ್ ಮರಿಗೆ ಹೊದಿಸಿದ ಒದ್ದೆ ಪಾಚಿ

ದಡದಲ್ಲಿ ಒಂಟಿಯಾಗಿ ಮಲಗಿದ ಸೀಲ್ ಮರಿ ಹೆಚ್ಚಾಗಿ ಅನಾಥವಾಗಿರುವುದಿಲ್ಲ. ತಾಯಿಯು ಮೀನು ಹಿಡಿಯಲು ಕಡಲಿಗೆ ಹೋಗಿರುತ್ತದೆ, ಮರಿ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿರುತ್ತದೆ. ಇಷ್ಟು ತಿಳಿಯದವರು ನಮ್ಮ ಮೇನ್ ರಾಜ್ಯದ ಕರಾವಳಿಯಲ್ಲೇ ಇದ್ದಾರೆಂದರೆ ನನಗಿನ್ನೂ ನಂಬಲಾಗುತ್ತಿಲ್ಲ.

ಲೋರ್ನಾ ಬೀಲ್ ಇಪ್ಪತ್ತೆಂಟು ವರ್ಷ ಶಾಲೆಯ ಬಸ್ಸು ಓಡಿಸಿದವಳು. ನಿವೃತ್ತಳಾದ ಮೇಲೆ ಪ್ರತಿ ಜೂನ್‌ನಲ್ಲಿ ಮರಿಗಳಿಂದ ನೂರೈವತ್ತು ಅಡಿ ದೂರಕ್ಕೆ ಹಗ್ಗ ಕಟ್ಟಿ, ಕುರ್ಚಿ ಹಾಕಿಕೊಂಡು ಕಾಯುತ್ತಾಳೆ. ನಾಯಿ ತಂದವರನ್ನೂ ಫೋಟೊದವರನ್ನೂ ಬಸ್ಸಿನ ಮಕ್ಕಳಿಗೆ ಗದರಿದ ದನಿಯಲ್ಲೇ ಗದರುತ್ತಾಳೆ.

ಮೊನ್ನೆ ಬೆಳಿಗ್ಗೆ ಅವಳು ಬರುವ ಹೊತ್ತಿಗೆ ಅವಳ ಸ್ವಂತ ತಮ್ಮ, ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿ ಹಿಡಿಯುವ ಅರ್ವಿನ್, ಎರಡು ದಿನದ ಮರಿಯೊಂದಕ್ಕೆ ಒದ್ದೆ ಕಡಲಪಾಚಿ ಹೊದಿಸಿ ಬಕೆಟ್‌ಗಟ್ಟಲೆ ನೀರು ಹುಯ್ಯುತ್ತಿದ್ದ.

“ಏನೋ ಮಾಡ್ತಿದ್ದೀಯ?”

“ಒಣಗಿ ಹೋಗ್ತಿತ್ತು ಕಣಕ್ಕ. ಲಾಬ್‌ಸ್ಟರ್‌ನ ಹಿಂಗೇ ತಾನೆ ಬದುಕಿಸ್ಕೊಳ್ಳೋದು?”

“ಇದೇನು ಲಾಬ್‌ಸ್ಟರೇನೋ, ದಡ್ಡ! ಎಳೆ ಮೈಯಲ್ಲಿ ಇನ್ನೂ ಕೊಬ್ಬು ಬೆಳೆದಿಲ್ಲ, ಬೆಚ್ಚಗಾಗೋಕೆ ಮೇಲೆ ಬಂದಿರೋದು. ಅಲ್ನೋಡು, ತಾಯಿ. ನೀನು ನಿಂತಿದ್ದೀಯ ಅಂತಲೇ ದಡಕ್ಕೆ ಬರ್ತಿಲ್ಲ.”

ಅಲೆಗಳ ನಡುವೆ ಬೂದು ತಲೆಯೊಂದು ಏಳುತ್ತ ಮುಳುಗುತ್ತ ಇತ್ತು. ಅರ್ವಿನ್ ಬಕೆಟ್ ಬಿಟ್ಟು ಹಗ್ಗದಾಚೆ ಓಡಿದ. ಲೋರ್ನಾ ಕಡಲ ಪ್ರಾಣಿಗಳ ರಕ್ಷಣಾ ತಂಡಕ್ಕೆ ಫೋನ್ ಮಾಡಿದಳು. ಮರಿ ಚಳಿಗೆ ಗಡಗಡ ನಡುಗುತ್ತಿತ್ತು. ತಂಡ ಬರುವಷ್ಟರಲ್ಲಿ ಸತ್ತಿತ್ತು. ತಾಯಿ ಇನ್ನೂ ತಲೆಯೆತ್ತಿ ನೋಡುತ್ತಲೇ ಇತ್ತು.

ಮೂವತ್ತು ವರ್ಷ ಕಡಲಲ್ಲೇ ದುಡಿದ ಮನುಷ್ಯ, ಕನಿಕರದಿಂದಲೇ ಕೊಂದ! ನಿಮಗೂ ಕನಿಕರ ಉಕ್ಕಿದರೆ ಹಿಂದೆ ಸರಿಯಿರಿ, ನಿಮ್ಮ ನಾಯಿಯನ್ನು ಹಿಡಿದುಕೊಳ್ಳಿ, ತಿಳಿದವರಿಗೆ ಫೋನ್ ಮಾಡಿ. ಮರಿಯನ್ನು ಮಾತ್ರ ಮುಟ್ಟಬೇಡಿ.