ಮಂಗಳನ ಕುರುಡು ಶಾನುಭೋಗ

ಆ ಲೇಖಕನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹೆಸರು ಹೇಳುವುದಿಲ್ಲ, ಅಷ್ಟು ಮರ್ಯಾದೆಗೆ ಅವನು ಯೋಗ್ಯನಲ್ಲ.

ರಷ್ಯಾದವರು ಉಪಗ್ರಹ ಹಾರಿಸಿದ ಮರುವರ್ಷ ಅವನ ಮಂಗಳಯಾನದ ಧಾರಾವಾಹಿ ವಾರಪತ್ರಿಕೆಯೊಂದರಲ್ಲಿ ಬರುತ್ತಿತ್ತು. ಶಿಕಾರಿಪುರದ ಬಸ್ಸಿನ ಕಂಡಕ್ಟರು ಸೊರಬದ ನಮ್ಮ ಜಗಲಿಗೆ ಪತ್ರಿಕೆ ಎಸೆದು ಹೋಗುತ್ತಿದ್ದ. ಅಪ್ಪನಿಗೆ ಆಗಲೇ ಕಣ್ಣು ಪೂರ್ತಿ ಹೋಗಿತ್ತು. ಶಾನುಭೋಗಿಕೆ ಮಾಡಿದವರು, ಪಹಣಿಯಲ್ಲಿ ಒಂದು ಗುಂಟೆ ಆಚೀಚೆಯಾದರೂ ಊಟ ಸೇರುತ್ತಿರಲಿಲ್ಲ. ನಾನು ಓದಬೇಕು, ಅವರು ತಪ್ಪು ಹಿಡಿಯಬೇಕು, ನಾನು ಲೇಖಕನಿಗೆ ಕಾರ್ಡು ಬರೆಯಬೇಕು. ಪ್ರತಿ ಕಾರ್ಡಿನ ಮೊದಲ ಸಾಲು ಒಂದೇ: ‘ತಪ್ಪು ತಿಳಿಯಬಾರದು, ಒಂದು ಸಣ್ಣ ಸಂಶಯ.’

“ಹೋದ್ ವಾರ ರಾಕೆಟ್ಟಲ್ಲಿ ನೀರು ಖಾಲಿ ಅಂದಿದ್ದ. ಈ ವಾರ ಎಲ್ಲರೂ ಸ್ನಾನ ಮಾಡ್ತಿದಾರಲ್ಲೇ! ಅಂಜನಾಪುರದ ಡ್ಯಾಮಿಂದ ಕಾಲುವೆ ಬಿಟ್ಟಿದಾರಾ? ಬರಿ.”

ಬರೆದೆ. ತಾನು ಶಾನುಭೋಗಿಕೆ ಮಾಡಿದವನು, ಈಗ ಕಣ್ಣಿಲ್ಲ, ಮಗಳು ಓದಿ ಹೇಳುತ್ತಾಳೆ ಎಂಬುದನ್ನೂ ಒಮ್ಮೆ ಬರೆಸಿದರು. ಒಂದಕ್ಕೂ ಉತ್ತರ ಬರಲಿಲ್ಲ.

ಕೊನೆಗೆ ಉತ್ತರ ಬಂದದ್ದು ಕಥೆಯೊಳಗೆ. ಮಂಗಳನ ಕೋಟೆ ಬಾಗಿಲಲ್ಲಿ ಆರು ಕಣ್ಣಿನ ಶಾನುಭೋಗನೊಬ್ಬ, ಆರೂ ಕುರುಡು. ‘ತಪ್ಪು ತಿಳಿಯಬಾರದು, ಒಂದು ಸಣ್ಣ ಸಂಶಯ’ ಎನ್ನುತ್ತ, ದಫ್ತರ ಓದುತ್ತ, ಬಂದವರನ್ನೆಲ್ಲ ಪೀಡಿಸುವವನು. ನಾಯಕ ಅವನನ್ನು ಪಕ್ಕಕ್ಕೆ ತಳ್ಳಿ, ತಾನೇ ಬಾಗಿಲು ತೆಗೆದು ಒಳಗೆ ಹೋಗುತ್ತಾನೆ. ಓದಿದವರೆಲ್ಲ ನಕ್ಕಿರಬಹುದು, ಅದು ಯಾರೆಂದು ಗೊತ್ತಿದ್ದದ್ದು ಅವನಿಗೆ ಮತ್ತು ನನಗೆ ಮಾತ್ರ. ಮೈ ಉರಿದುಹೋಯಿತು. ಅವನ ಕಥೆಯನ್ನು ಅವನಿಗಿಂತ ಹೆಚ್ಚು ಹಚ್ಚಿಕೊಂಡಿದ್ದ ಮುದುಕನಿಗೆ ಇದೇ ಏನು ಬಹುಮಾನ?

ಆ ಭಾಗ ಬಿಟ್ಟು ಮುಂದೆ ಓದಿದೆ.

“ನಿಲ್ಲು” ಅಂದರು ಅಪ್ಪ. “ಕೋಟೆ ಹೊರಗಿದ್ದೋರು ಒಳಗೆ ಹ್ಯಾಂಗೆ ಬಂದ್ರು? ಬಾಗ್ಲು ಯಾರು ತೆಗ್ದಿದ್ದು?”

ನನಗೆ ಸುಳ್ಳು ಕಟ್ಟಲಾಗಲಿಲ್ಲ. ಬಿಟ್ಟದ್ದನ್ನೆಲ್ಲ ಓದಿದೆ. ಅಪ್ಪ ಪಂಚೆಯ ಅಂಚನ್ನು ಬೆರಳಲ್ಲಿ ಅಳೆಯುತ್ತ ಕೂತರು. ಇನ್ನು ಪತ್ರಿಕೆ ಬೇಡ ಅಂದುಬಿಡುತ್ತಾರೇನೋ ಎಂದು ನನಗೆ ಹೆದರಿಕೆ. ವಾರದಲ್ಲಿ ಅವರು ಕಾಯುತ್ತಿದ್ದದ್ದು ಆ ಒಂದು ದಿನವನ್ನೇ.

“ಅವ್ನ ಮಗಳು ಎಲ್ಲಿದಾಳೆ?” ಅಂದರು.

“ಯಾರ ಮಗಳು?”

“ಆ ಶಾನುಭೋಗನ ಮಗಳು. ಆರೂ ಕಣ್ಣು ಕಾಣಲ್ಲ ಅಂತಾನೆ, ದಫ್ತರ ಓದ್ತಾನೆ ಅಂತಾನೆ. ಮಗಳಿಲ್ದೆ ಹ್ಯಾಂಗೆ ಓದ್ತಾನೆ? ಶುದ್ಧ ತಪ್ಪು. ಕಾರ್ಡು ತಗಾ.”

ತೆಗೆದುಕೊಂಡೆ. ‘ತಪ್ಪು ತಿಳಿಯಬಾರದು’ ಎಂದು ಅಪ್ಪ ಎಂದಿನಂತೆ ಶುರು ಮಾಡಿದರು. ಆ ಸಾಲನ್ನು ನಾನು ಬರೆಯಲಿಲ್ಲ.