ಪಕ್ಕದ ಬೆಂಚಿನ ಸಂಪಿಗೆ

ಗೆಳೆಯರೇ, ಇಂದು ಬೆಳಿಗ್ಗೆ ನನಗೆ ಹೊಟ್ಟೆಕಿಚ್ಚಾಯಿತು, ಅದೂ ನೆಲಕ್ಕೆ ಬಿದ್ದ ನಾಲ್ಕು ಸಂಪಿಗೆ ಹೂವಿಗೆ.

ಪುಣೆಯ ಹಳೆಯ ಪೇಠೆಗಳ ನಡುವಿನ ಉದ್ಯಾನದಲ್ಲಿ ಕಸ ಗುಡಿಸುವ ಹೆಂಗಸನ್ನು ಐದು ವರ್ಷಗಳಿಂದ ಬಲ್ಲೆ. ನಾನು ಬಂದರೆ ನನ್ನ ಬೆಂಚಿನ ಮೇಲಿನ ಎಲೆಗಳನ್ನು ಮೊದಲು ತೆಗೆಯುತ್ತಾಳೆ. ನಾನು ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆದು, ಮಳೆ ಬಿಸಿಲಿನ ಬಗ್ಗೆ ಮರಾಠಿಯಲ್ಲಿ ಎರಡು ಮಾತಾಡುತ್ತೇನೆ. ಇಂದು ಅವಳು ಆ ಸಂಪಿಗೆಗಳನ್ನು ಆಯ್ದು ಪಕ್ಕದ ಬೆಂಚಿನವರ ಕೈಗೆ ಕೊಟ್ಟಳು. ಅವರು ಉಡುಪಿ ಕಡೆಯ ಹೋಟೆಲಿನವರು, ಇಲ್ಲಿಗೆ ಬರತೊಡಗಿ ನಾಲ್ಕೇ ದಿನ.

"ಮಲ್ಲಮ್ಮ, ಮಗಳು ಹೆರಿಗೆಗೆ ಬಂದ್ಲಾ?" ಎಂದರು ಅವರು, ಕನ್ನಡದಲ್ಲಿ.

"ನಿನ್ನಿ ಬಂದಾಳ್ರಿ ಅಣ್ಣಾರ. ಯಾದಗಿರಿಯಿಂದ ರೈಲಿನ್ಯಾಗ ಕುಂಡ್ರಾಕ ಜಾಗಾ ಸಿಕ್ಕಿತ್ತಂತ, ಪುಣ್ಯಾ."

ಅವಳ ಹೆಸರೂ ಅವಳ ಕನ್ನಡವೂ ನನಗೆ ತಿಳಿದದ್ದೇ ಆಗ. ಎದ್ದು ಹೋಗಿ, ದೂರು ಕೊಡುವವನಂತೆ, "ನಾನೂ ಕನ್ನಡದಾಂವ, ಧಾರವಾಡದಾಂವ" ಎಂದೆ.

ಅವಳು ಕಸಬರಿಗೆ ನಿಲ್ಲಿಸಲಿಲ್ಲ. "ಗೊತ್ತದ ರೀ. ಫೋನಿನ್ಯಾಗ ನಿಮ್ಮ ಅವ್ವಾರ ಜೋಡಿ ಮಾತಾಡೂದು ದಿನಾ ಕೇಳ್ತೀನಿ. ನಮ್ಮ ಜೋಡಿ ಮರಾಠಿನ ಬೇಕೇನೋ ಅಂತ ಸುಮ್ಮನಿದ್ದೆ."

ಹೊಸ್ತಿಲು ದಾಟಿದರೆ ಮರಾಠಿ ಎಂಬುದು ನಮ್ಮ ಮನೆಯಲ್ಲಿ ಚಪ್ಪಲಿ ಮೆಟ್ಟಿದಷ್ಟೇ ರೂಢಿ.

ನಾವು ಹೊರಡುವಾಗ ಅವಳು ಹೋಟೆಲಿನವರಿಗೆ, "ನಾಳೆ ಬರ್ರಿ ಅಣ್ಣಾರ" ಎಂದಳು. ನನ್ನ ಕಡೆ ತಿರುಗಿ, ಮರಾಠಿಯಲ್ಲಿ, "ಉದ್ಯಾ ಯಾ, ಕಾಕಾ" ಎಂದಳು.

ಎರಡರ ಅರ್ಥವೂ ಒಂದೇ. ಸಂಪಿಗೆ ಮಾತ್ರ ಒಬ್ಬರಿಗೇ.