ಚಳ್ಳಕೆರೆಗೆ ನಾನು ಕರೆತಂದ ಆಟಗಾರರು

ಓಬಳಪ್ಪನ ಎಡಮಂಡಿಯ ಗುಟ್ಟನ್ನು ಆ ಬೂಟುಗಾಲಿನವನಿಗೆ ಹೇಳಿಕೊಟ್ಟವನು ನಾನು. ಬೇರೆ ಯಾರೂ ಅಲ್ಲ. ಊರೆಲ್ಲ ಓಬಳಪ್ಪನನ್ನು ಸುಳ್ಳುಗಾರ ಎಂದಾಗ ಸುಮ್ಮನೆ ತಲೆಯಾಡಿಸುತ್ತ ಕೂತವನೂ ನಾನೇ.

ಚಳ್ಳಕೆರೆಯಲ್ಲಿ ನನ್ನದು ಜವಳಿ ಅಂಗಡಿ. ಓಬಳಪ್ಪ ಮೊಳಕಾಲ್ಮೂರಿನ ನೇಕಾರ. ಅವನು ನೇಯ್ದ ರೇಷ್ಮೆ ಸೀರೆಗಳು ನನ್ನ ಅಂಗಡಿಗೇ ಬರುತ್ತಿದ್ದವು. ತಂದಾಗಲೆಲ್ಲ ಅವನು ನಮ್ಮ ಮನೆಯಲ್ಲೇ ಉಣ್ಣುತ್ತಿದ್ದ. ಒಮ್ಮೆ ವ್ಯಾಪಾರಕ್ಕೆಂದು ಬೆಂಗಳೂರಿಗೆ ಹೋದ ನಾನು ದಂಡಿನ ಬಯಲಿನಲ್ಲಿ ಫುಟ್‌ಬಾಲ್ ಆಟ ನೋಡಿದೆ. ಆಡುವುದೇ ಕಸುಬು, ಆಟಕ್ಕೇ ಸಂಬಳ — ಅಂಥ ಗಂಡಸರು. ನನಗೆ ಹುಚ್ಚು ಹತ್ತಿತು. ಚೆಂಡೊಂದನ್ನು ಕೊಂಡು ತಂದೆ. ಕೆರೆ ಒಣಗಿದ ದಿನಗಳಲ್ಲಿ ಅದರ ಅಂಗಳದಲ್ಲೇ ನಮ್ಮವರು ಬರಿಗಾಲಿನಲ್ಲಿ ಒದ್ದು ಒದ್ದು ಕಲಿತರು. ಎಲ್ಲರನ್ನೂ ಮೀರಿಸಿದವನು, ಸೀರೆ ತಂದಾಗಲೆಲ್ಲ ಆಟಕ್ಕಿಳಿಯುತ್ತಿದ್ದ ಓಬಳಪ್ಪ. ಚೆಂಡು ಅವನ ಕಾಲಿಗೆ ಸಿಕ್ಕಿತೆಂದರೆ ಮತ್ತೊಬ್ಬರಿಗೆ ಸಿಗುವುದು ಕಷ್ಟವಿತ್ತು.

ಆ ಸಂಬಳದ ತಂಡವನ್ನು ನಮ್ಮೂರಿಗೆ ತರಬೇಕು, ಅವರು ವರ್ಷ ವರ್ಷವೂ ಬರುವಂತಾಗಬೇಕು, ಬೆಂಗಳೂರಿನವರಷ್ಟೇ ನೋಡುವ ಆಟವನ್ನು ಚಳ್ಳಕೆರೆಯೂ ನೋಡಬೇಕು — ಇದು ನನ್ನ ಆಸೆ. ಆಸೆ ಕೆಟ್ಟದ್ದಲ್ಲ. ಆದರೆ ತಂದವನು ಸಿದ್ದಣ್ಣ ಎಂದು ಜನ ಆಡಿಕೊಳ್ಳಬೇಕು ಎಂಬುದೂ ಅದರೊಳಗಿತ್ತು — ಬಚ್ಚಿಟ್ಟು ಏನು ಪ್ರಯೋಜನ.

ಬಹಳ ಓಡಾಡಿ, ಬಹಳ ಬೇಡಿ, ಅವರನ್ನು ಒಪ್ಪಿಸಿದೆ. ಬೂಟು ತೊಟ್ಟವರು ಕಮಾನು ಗಾಡಿಗಳಲ್ಲಿ ಬಂದಿಳಿದರು. ಆಟದ ಹಿಂದಿನ ದಿನ ಓಬಳಪ್ಪ ನನ್ನನ್ನು ಪಕ್ಕಕ್ಕೆ ಕರೆದ.

“ಸಿದ್ದಣ್ಣ, ಎಡಮಂಡಿ ಹಿಡ್ಕಂಡೈತೆ. ಮಗ್ಗ ತುಳಿಯಾಗ್ಲೂ ನೋಯ್ತೈತೆ. ಯಾರ್ಗೂ ಹೇಳ್ಬ್ಯಾಡ, ನನ್ನ ಆಡಾಕೆ ಬಿಡಂಗಿಲ್ಲ.”

“ಹೇಳಲ್ಲ ಬಿಡಪ್ಪ” ಎಂದೆ.

ಮರುದಿನ ಕೆರೆ ಏರಿಯ ಮೇಲೆ ಜನವೋ ಜನ. ಅರ್ಧ ಆಟ ಮುಗಿದಾಗ ನಮ್ಮವರೇ ಒಂದು ಗೋಲು ಮುಂದಿದ್ದರು, ಹೊಡೆದವನು ಓಬಳಪ್ಪ. ಊರು ಕುಣಿಯುತ್ತಿತ್ತು. ಬಂದ ತಂಡದ ನಾಯಕ ಬೆವರು ಒರೆಸಿಕೊಳ್ಳುತ್ತ ನನ್ನ ಬಳಿಗೆ ಬಂದ.

“ಬರಿಗಾಲಿನವರ ಕೈಲಿ ಸೋತ್ರೆ ನಮ್ಮ ನೌಕರಿ ಉಳಿಯಲ್ಲ, ಸಾಹುಕಾರ್ರೆ. ಈ ಕಡೆ ಮತ್ತೆ ಮುಖ ಹಾಕೋದೂ ಇಲ್ಲ.”

“ಅವನ ಎಡಮಂಡಿ ಸರಿಯಿಲ್ಲ” ಎಂದೆ.

ಅಷ್ಟೇ. ಒದೆ ಎಂದು ನಾನು ಹೇಳಲಿಲ್ಲ — ಎಷ್ಟು ಸಲ ಈ ಮಾತಿನ ಹಿಂದೆ ಅಡಗಿದ್ದೇನೆ. ಹಾಗಾದರೆ ಮತ್ತೇಕೆ ಹೇಳಿದೆ? ಅವನು ಅದನ್ನು ಕೇಳಿ ಏನು ಮಾಡಲಿ ಎಂದು?

ಆಟ ಮತ್ತೆ ಶುರುವಾಗಿ ಸ್ವಲ್ಪ ಹೊತ್ತಷ್ಟೇ. ಚೆಂಡು ಆಚೆ ಎಲ್ಲೋ ಇತ್ತು, ಜನರ ಕಣ್ಣೆಲ್ಲ ಅದರ ಮೇಲೆಯೇ. ನಾಯಕ ಚೆಂಡನ್ನು ನೋಡಲೇ ಇಲ್ಲ, ನೇರ ಓಬಳಪ್ಪನ ಕಡೆಗೆ ಓಡಿದ. ಒಣ ಸೌದೆ ಮುರಿದ ಹಾಗೆ ಒಂದು ಸದ್ದು — ಬಯಲಿನ ಅಂಚಿನಲ್ಲಿ ನಿಂತಿದ್ದ ನನಗೂ ಕೇಳಿಸಿತು. ಓಬಳಪ್ಪ ನೆಲಕ್ಕುರುಳಿದ. ಎರಡು ಮಾತಿಗೆ ಇಷ್ಟಾಗುತ್ತದೆಯೇ ಎಂದು ನಾನು ಕಣ್ಣು ಬಿಟ್ಟುಕೊಂಡು ನಿಂತಿದ್ದೆ. ಅವನ ಕಾಲು ಇರಬಾರದ ಕಡೆಗೆ ತಿರುಗಿತ್ತು.

ಜನ ಸುತ್ತುಗಟ್ಟಿದರು. “ಬೇಕಂತ್ಲೇ ಒದ್ದ. ನೋವಿರೋ ಜಾಗ ಅವ್ನಿಗೆ ಗೊತ್ತಿತ್ತು” ಎಂದ ಓಬಳಪ್ಪ.

“ಪರವೂರಿನೋನಿಗೆ ಹೆಂಗ್ಲೇ ಗೊತ್ತಾಗ್ತೈತೆ?” ಎಂದರು ಊರ ಗೌಡರು. ನನ್ನ ಕಡೆ ತಿರುಗಿದರು. “ಸಿದ್ದಣ್ಣ, ನೀನು ಹತ್ರ ಇದ್ದಿ. ಏನಾತು?”

“ತಾನೇ ಎಡವಿ ಬಿದ್ದ” ಎಂದೆ.

ಗುಟ್ಟು ನನಗೊಬ್ಬನಿಗೇ ಗೊತ್ತಿತ್ತು. ಆದರೂ ಅವನು ನನ್ನನ್ನು ಅನುಮಾನಿಸಲಿಲ್ಲ. ತಾನು ಕುಂಟಿದ್ದನ್ನು ಆ ನಾಯಕನೇ ಕಂಡುಕೊಂಡಿರಬೇಕು ಎಂದುಕೊಂಡ. ಗಾಡಿಗೆ ಎತ್ತಿ ಹಾಕುವಾಗ ನನ್ನ ಹೆಗಲನ್ನೇ ಹಿಡಿದುಕೊಂಡಿದ್ದ. ಬೆಂಗಳೂರಿನವರು ಗೆದ್ದರು. ಅವರ ಕೊರಳಿಗೆ ಹಾರ ಹಾಕಿದವನು ನಾನು. ಅವರು ಮತ್ತೆಂದೂ ಬರಲಿಲ್ಲ.

ಓಬಳಪ್ಪನಿಗೆ ಆ ಮಂಡಿ ಮತ್ತೆ ಮಡಚಲಾಗಲಿಲ್ಲ. ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಗೆ ಇಳಿಯಲಾಗದವನು ನೇಯುವುದೆಲ್ಲಿ ಬಂತು? ಅಂಥ ಕೈ — ಮನೆಯ ಹೆಂಗಸರ ಜೊತೆ ಕೂತು ರಾಟೆಯಲ್ಲಿ ನೂಲು ಸುತ್ತತೊಡಗಿತು. ತಾನು ಎಡವಿ ಬಿದ್ದು ಮತ್ತೊಬ್ಬನ ಮೇಲೆ ಹೊರಿಸಿದ ಎಂದು ಸಂತೆಯಲ್ಲಿ ಜನ ನಕ್ಕರು. ಅವನು ಚಳ್ಳಕೆರೆಗೆ ಬರುವುದನ್ನೇ ಬಿಟ್ಟ.

ವರ್ಷಗಳ ಮೇಲೆ, ಹೋದ ತಿಂಗಳು, ಮೊಳಕಾಲ್ಮೂರಿಗೆ ಹೋಗಿ ಎಲ್ಲವನ್ನೂ ಅವನ ಮುಂದೆ ಹೇಳಿದೆ. ರಾಟೆ ನಿಂತಿತು. ನನ್ನ ಮುಂದೆ ನೀರಿಟ್ಟಿದ್ದ ಅವನ ಹೆಂಡತಿ ನರಸಮ್ಮ ಆ ಚೆಂಬನ್ನು ತೆಗೆದುಕೊಂಡು ಒಳಗೆ ಹೋದಳು. ಓಬಳಪ್ಪ ರಾಟೆಯಿಂದ ಕೈ ತೆಗೆದು ಮಾತಾಡಿದ.

“ಅವ್ನು ಬೇಕಂತ್ಲೇ ಒದ್ದ ಅಂತ ನಂಗೆ ಗೊತ್ತು. ನಂಗ್ಯಾಕೆ ಹೇಳ್ತೀರಿ? ಗೊತ್ತಿಲ್ದೋರ್ಗೆ ಹೇಳ್ರಿ.”

ಅವನು ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಅದಕ್ಕೇ ಇದನ್ನು ಬರೆದಿದ್ದೇನೆ. ಬರುವ ಸಂತೆಯ ದಿನ ಜನ ಸೇರಿದಾಗ ನಾನೇ ನಿಂತು, ಒಂದು ಮಾತೂ ಬಿಡದೆ ಓದುತ್ತೇನೆ. ಆಮೇಲೆ ನನ್ನ ಅಂಗಡಿಯ ಮೆಟ್ಟಿಲನ್ನು ಯಾರು ಹತ್ತುತ್ತಾರೋ, ಯಾರು ಮುಖ ತಿರುಗಿಸಿ ಹೋಗುತ್ತಾರೋ — ಅದು ಅವರಿಗೆ ಬಿಟ್ಟದ್ದು.